ಮುಷ್ಟಿ ಬಿಗಿದಾಗ ಏರುವ ರಕ್ತದೊತ್ತಡ

ಪ್ರಶ್ನೆ: ಬಿ.ಪಿ. ಇಳಿಯಲೆಂದು ಕೈಹಿಡಿತದ ಸ್ಪ್ರಿಂಗ್ ಒತ್ತುತ್ತಿದ್ದೇನೆ. ಒತ್ತುತ್ತಿರುವಾಗಲೇ ಇನ್ನೊಂದು ತೋಳಿನಲ್ಲಿ ಅಳೆದರೆ 132 ಇದ್ದದ್ದು 160 ಆಗುತ್ತದೆ. ನಿಲ್ಲಿಸಬೇಕೇ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಈ ಬಾರಿ ವಿವರವಾಗಿಯೇ ಉತ್ತರಿಸುತ್ತೇನೆ. ಮುಷ್ಟಿ ಬಿಗಿದಿರುವಾಗಿನ ಅಂಕಿ ನಿಮ್ಮ ರಕ್ತದೊತ್ತಡವಲ್ಲ, ಆ ಕ್ಷಣದ ಪ್ರತಿಕ್ರಿಯೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುವುದರಿಂದ ಅಲ್ಲಿ ಶೇಖರವಾಗುವ ತ್ಯಾಜ್ಯಗಳು ಸೂಕ್ಷ್ಮ ನರತಂತುಗಳನ್ನು ಕೆರಳಿಸುತ್ತವೆ, ಆ ಸುದ್ದಿ ಮುಟ್ಟಿದ ಮಿದುಳು ಹೃದಯದ ಬಡಿತವನ್ನೂ ಇತರ ಭಾಗಗಳ ರಕ್ತನಾಳಗಳ ಬಿಗಿತವನ್ನೂ ಹೆಚ್ಚಿಸುತ್ತದೆ. ಸ್ನಾಯು ದಣಿದಂತೆ ಅದೇ ಬಲವನ್ನು ಉಳಿಸಿಕೊಳ್ಳಲು ಮಿದುಳು ಇನ್ನಷ್ಟು ಸ್ನಾಯುತಂತುಗಳನ್ನು ಕೆಲಸಕ್ಕೆ ಹಚ್ಚಬೇಕಾಗುತ್ತದೆ, ಆ ಹೆಚ್ಚಿನ ಯತ್ನವೂ ಒತ್ತಡವನ್ನು ಏರಿಸುತ್ತದೆ. ಆದ್ದರಿಂದಲೇ ಹಿಡಿತ ಬದಲಾಗದಿದ್ದರೂ ಎರಡನೆಯ ನಿಮಿಷದ ಅಂಕಿ ಮೊದಲನೆಯದಕ್ಕಿಂತ ಮೇಲಿರುತ್ತದೆ. ವ್ಯಾಯಾಮ ಮುಗಿದ ಕೂಡಲೇ ಪಟ್ಟಿ ಬಿಗಿದು ಆ ಅಂಗದ ರಕ್ತಸಂಚಾರವನ್ನು ತಡೆದರೆ, ತ್ಯಾಜ್ಯಗಳು ಅಲ್ಲೇ ಉಳಿಯುವುದರಿಂದ ಸ್ನಾಯು ಸಡಿಲವಾಗಿದ್ದರೂ ಒತ್ತಡ ಪೂರ್ತಿ ಇಳಿಯುವುದಿಲ್ಲವೆಂದು ಸಂಶೋಧಕರಾದ ಆಲಂ ಮತ್ತು ಸ್ಮರ್ಕ್ 1937ರಲ್ಲಿಯೇ ತೋರಿಸಿದ್ದಾರೆ.

ವಾರಗಳ ಅಭ್ಯಾಸದ ನಂತರ ಇಳಿಯುವುದು ವಿಶ್ರಾಂತಿಯ ಒತ್ತಡ. ಅಧ್ಯಯನಗಳಲ್ಲಿ ಬಳಸಿದ ಕ್ರಮ ಹೀಗಿದೆ: ಗರಿಷ್ಠ ಬಲದ ಸುಮಾರು ಶೇ 30ರಷ್ಟು ಹಿಡಿತವನ್ನು 2 ನಿಮಿಷ ಉಳಿಸಿಕೊಂಡು, ನಡುವೆ ವಿರಾಮ ಕೊಟ್ಟು, ಹೀಗೆ 4 ಬಾರಿ, ವಾರಕ್ಕೆ 3 ದಿನ, 8ರಿಂದ 10 ವಾರ. ಮಾರಾಟದ ಸಾಮಾನ್ಯ ಸ್ಪ್ರಿಂಗ್‌ನ ಬಿಗಿತ ಮಾತ್ರ ಎಲ್ಲರಿಗೂ ಒಂದೇ. ಬಲಿಷ್ಠ ಯುವಕನಿಗೆ ಏನೂ ಅನ್ನಿಸದ ಸ್ಪ್ರಿಂಗ್ ವೃದ್ಧೆಗೆ ಪೂರ್ಣ ಶಕ್ತಿಯ ಹೋರಾಟವಾದೀತು. ಬಲವನ್ನು ಅಳೆಯುವ ಡೈನಮೋಮೀಟರ್ ಇಲ್ಲದೆ ಈ ಶೇ 30ರ ಮಾತಿಗೆ ಅರ್ಥವಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುವುದು. ಅದರಿಂದ ಒತ್ತಡ ಇನ್ನಷ್ಟು ಜಿಗಿಯುತ್ತದೆ. ನಾನು ಈ ವಿಷಯದಲ್ಲಿ ಅತಿ ಎಚ್ಚರಿಕೆಯವನೆಂದು ಸಹೋದ್ಯೋಗಿಗಳು ಹೇಳುತ್ತಾರೆ, ಆದರೂ ಹೇಳುತ್ತೇನೆ: ವಿಶ್ರಾಂತಿಯಲ್ಲೇ ಮೇಲಿನ ಅಂಕಿ 160 ದಾಟಿರುವವರು, ಹೃದ್ರೋಗ ಅಥವಾ ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳದ) ಊತ ಇರುವವರು ತಮ್ಮ ವೈದ್ಯರು ಒಪ್ಪದೆ ಇದನ್ನು ಆರಂಭಿಸಲೇಬಾರದು.

ಪ್ರಶ್ನೆ: ಇದನ್ನು ಮಾಡಿದರೆ ಮಾತ್ರೆ ಬಿಡಬಹುದೇ?

ಉತ್ತರ: ಬಿಡಬಾರದು. ಹಾಗೆ ಬಿಡಿಸುವ ‘ನೈಸರ್ಗಿಕ ತಜ್ಞರು’ ಪಾರ್ಶ್ವವಾಯುವಾದಾಗ ನಿಮ್ಮ ಹಾಸಿಗೆಯ ಪಕ್ಕದಲ್ಲಿ ಇರುವುದಿಲ್ಲ.

ಪ್ರಶ್ನೆ: ಅಂಗೈಯ ಒಂದು ಬಿಂದುವನ್ನು ಒತ್ತಿದರೆ ಬಿ.ಪಿ. ಶಾಶ್ವತವಾಗಿ ಹೋಗುತ್ತದಂತೆ?

ಉತ್ತರ: ಹೋಗುವುದಿಲ್ಲ.

ಪ್ರಶ್ನೆ: ಹಾಗಾದರೆ ಅಳೆಯುವುದು ಯಾವಾಗ?

ಉತ್ತರ: ವ್ಯಾಯಾಮ ಮುಗಿದು ಕನಿಷ್ಠ 30 ನಿಮಿಷ ಕಳೆದ ಮೇಲೆ, 5 ನಿಮಿಷ ಮಾತಿಲ್ಲದೆ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿ ಸಡಿಲವಾಗಿ ಇಟ್ಟುಕೊಂಡು. ಆಗ ಬಂದ ಅಂಕಿಯನ್ನು ಮಾತ್ರ ಬರೆದಿಡಿ.