ಕಂಪನಿ ಬಿಟ್ಟರೆ ಗ್ರೀನ್ ಕಾರ್ಡ್ ಸಾಲಿನ ಜಾಗ ಹೋಗುತ್ತದೆಯೇ?

ಓದುಗರ ಪ್ರಶ್ನೆಗೆ ವಲಸೆ ಕಾನೂನು ತಜ್ಞರ ಉತ್ತರ

ಪ್ರಶ್ನೆ: ಸರ್, ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಮೇಲೆ ಡಲ್ಲಾಸ್‌ನಲ್ಲಿದ್ದೇನೆ. ಆರು ವರ್ಷದ ಮಿತಿ ಮುಗಿದಿದೆ. ಇಬಿ-2 (ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನ ಒಂದು ವರ್ಗ) ಅಡಿ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿ ಎರಡು ವರ್ಷ ದಾಟಿತು. ಬೇರೆ ಕಡೆ ಒಳ್ಳೆ ಆಫರ್ ಇದೆ. ‘ಬಿಟ್ಟು ಹೋದರೆ ಐ-140 ವಾಪಸ್ ತೆಗೆದುಕೊಳ್ಳುತ್ತೇವೆ, ನಿಮ್ಮ ಪ್ರಯಾರಿಟಿ ಡೇಟ್ (ಸಾಲಿನಲ್ಲಿ ಜಾಗ ಗುರುತಿಸುವ ತಾರೀಖು) ಹೋಗುತ್ತದೆ’ ಅಂತಾರೆ ಎಚ್‌ಆರ್‌ನವರು. ನಿಜವೇ?

ಉತ್ತರ: ಸುಳ್ಳು. ಇದೇ ಬೆದರಿಕೆಯನ್ನು ಬೇರೆ ಬೇರೆ ಊರಿನವರು ನನಗೆ ಬರೆಯುತ್ತಲೇ ಇದ್ದಾರೆ. ಕಡಿಮೆ ಸಂಬಳಕ್ಕೆ ಜನರನ್ನು ಕಟ್ಟಿಹಾಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಓದು ಬರಹ ಬಲ್ಲವರು ಇದನ್ನು ನಂಬಿ ವರ್ಷಗಟ್ಟಲೆ ಹೆದರಿ ಕೂರುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

2017ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮ ಸ್ಪಷ್ಟವಾಗಿದೆ. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಆ ಕಾರಣಕ್ಕೆ ಮಂಜೂರಾತಿ ರದ್ದಾಗುವುದಿಲ್ಲ. ಅದನ್ನೇ ತೋರಿಸಿ ಹೊಸ ಕಂಪನಿ ನಿಮ್ಮ ಎಚ್-1ಬಿಯನ್ನು ಮೂರು ವರ್ಷಕ್ಕೆ ಮುಂದುವರಿಸಬಹುದು. 180 ದಿನದೊಳಗೆ ಹಿಂತೆಗೆದರೂ ತಾರೀಖು ನಿಮ್ಮದೇ. ಆದರೆ ಆ ಐ-140 ಮೇಲೆ ವೀಸಾ ಮುಂದುವರಿಯುವುದಿಲ್ಲ. ಆರು ವರ್ಷ ಮುಗಿದವರು ಆಗ ಊರಿಗೆ ಟಿಕೆಟ್ ಮಾಡಿಸಬೇಕಾಗಬಹುದು. ಅದಕ್ಕೇ 180 ದಿನ ತುಂಬುವವರೆಗೆ ಕದಲಬೇಡಿ ಎನ್ನುತ್ತೇನೆ. ನೀವು ಅದನ್ನು ಯಾವತ್ತೋ ದಾಟಿದ್ದೀರಿ.

ತಾರೀಖು ನಿಜವಾಗಿ ಹೋಗುವುದು ವಂಚನೆ ಅಥವಾ ಬೇಕೆಂದೇ ಕೊಟ್ಟ ಸುಳ್ಳು ಮಾಹಿತಿ ಪತ್ತೆಯಾದಾಗ, ಲೇಬರ್ ಸರ್ಟಿಫಿಕೇಷನ್ನೇ (ಅಮೆರಿಕದ ಕಾರ್ಮಿಕ ಇಲಾಖೆಯ ಒಪ್ಪಿಗೆ) ರದ್ದಾದಾಗ, ಇಲ್ಲವೇ ಮಂಜೂರಾತಿ ಕೊಟ್ಟಿದ್ದೇ ದೊಡ್ಡ ತಪ್ಪು ಎಂದು ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್ ತೀರ್ಮಾನಿಸಿದಾಗ. ದುಡ್ಡು ಕೊಟ್ಟು ಮಾಡಿಸಿದ ಎಕ್ಸ್‌ಪೀರಿಯನ್ಸ್ ಲೆಟರ್ ಇಟ್ಟವರು ಹೆದರಬೇಕು. ನೀವಲ್ಲ.

ಇನ್ನು ಜನ ಮರೆಯುವ ವಿಷಯ. ನಿಮ್ಮ ಜೊತೆ ಬರುವುದು ತಾರೀಖು ಮಾತ್ರ. ಹೊಸ ಕಂಪನಿ ಪರ್ಮ್ (ಲೇಬರ್ ಸರ್ಟಿಫಿಕೇಷನ್ ಪಡೆಯುವ ಪ್ರಕ್ರಿಯೆ) ಮತ್ತು ಐ-140 ಎರಡನ್ನೂ ಮೊದಲಿನಿಂದ ಮಾಡಬೇಕು. ಪರ್ಮ್‌ಗೇ ಈಗ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಸೇರಿದ ಎಷ್ಟು ತಿಂಗಳಿಗೆ ಶುರು ಮಾಡುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಬೇಡ. ಐ-485 (ಗ್ರೀನ್ ಕಾರ್ಡ್‌ನ ಕೊನೆಯ ಹಂತದ ಅರ್ಜಿ) ಹಾಕಿ 180 ದಿನ ಆಗಿದ್ದು, ಹೊಸ ಕೆಲಸ ಅದೇ ಬಗೆಯದಾಗಿದ್ದರೆ ಮಾತ್ರ ಹೊಸ ಪರ್ಮ್ ಬೇಡ.

ರಾಜೀನಾಮೆಗೆ ಮೊದಲು ಐ-140ರ ಮಂಜೂರಾತಿ ಪತ್ರವಾದ ಐ-797ರ ಪ್ರತಿ ಕೈಗೆ ಬರಲಿ. ಅದರ ಮೇಲ್ಭಾಗದ ಚೌಕಗಳಲ್ಲಿ ರಸೀದಿ ಸಂಖ್ಯೆ ಇರುತ್ತದೆ, ಪ್ರಯಾರಿಟಿ ಡೇಟ್ ಇರುತ್ತದೆ. ಆ ತಾರೀಖು ನಿಮ್ಮ ಪರ್ಮ್ ಅರ್ಜಿ ಹಾಕಿದ ದಿನಕ್ಕೆ ಹೊಂದುತ್ತದೆಯೇ ನೋಡಿ. ಪತ್ರ ಕಂಪನಿಯ ಹೆಸರಿಗೆ ಬರುವುದರಿಂದ ಕೆಲವರು ಕೊಡುವುದಿಲ್ಲ. ಆಗ ಅಮೆರಿಕದ ಮಾಹಿತಿ ಹಕ್ಕು ಕಾಯ್ದೆಯಡಿ ಯುಎಸ್‌ಸಿಐಎಸ್‌ಗೇ ಅರ್ಜಿ ಹಾಕಿ. ನೀವು ಮಾಡುತ್ತಿದ್ದ ಕೆಲಸದ ವಿವರ ಇರುವ ಅನುಭವ ಪತ್ರವನ್ನೂ ಈಗಲೇ ತೆಗೆದುಕೊಳ್ಳಿ. ಜಗಳವಾದ ಮೇಲೆ ಅದು ಸಿಗುವುದು ಕಷ್ಟ.

ಹೊಸ ಕಂಪನಿಯ ಎಚ್-1ಬಿ ಅರ್ಜಿ ಸಲ್ಲಿಕೆಯಾದರೆ ಕೆಲಸಕ್ಕೆ ಸೇರಲು ಕಾನೂನಿನ ಅಡ್ಡಿ ಇಲ್ಲ. ಆದರೂ ಪ್ರೀಮಿಯಂ ಪ್ರೊಸೆಸಿಂಗ್ (ಹೆಚ್ಚು ಶುಲ್ಕ ಕಟ್ಟಿ ಬೇಗ ತೀರ್ಮಾನ ಪಡೆಯುವುದು) ಮಾಡಿಸಿ, ಮಂಜೂರಾದ ಮೇಲೆಯೇ ರಾಜೀನಾಮೆ ಕೊಡಿ. ಸಂಸಾರ ಇರುವವರು ಸುಮ್ನೆ ಆತುರ ಮಾಡಬಾರದು.

ಪ್ರಶ್ನೆ: ಕೆನಡಾ ಪೌರತ್ವ ಪಡೆದರೆ ಭಾರತದ ಸಾಲು ತಪ್ಪುತ್ತದೆಯೇ?

ಉತ್ತರ: ಇಲ್ಲ. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ವರ್ಷಕ್ಕೆ ಸುಮಾರು 1.4 ಲಕ್ಷ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್, ಒಂದು ದೇಶಕ್ಕೆ ಶೇ 7ರ ಮಿತಿ. 1990ರ ಕಾಯ್ದೆಯ ಈ ಲೆಕ್ಕದಲ್ಲಿ ಭಾರತಕ್ಕೂ ಐಸ್‌ಲ್ಯಾಂಡ್‌ಗೂ ಒಂದೇ ಮಿತಿ. ಅನ್ಯಾಯವೇ, ಆದರೆ ಕಾನೂನು ಅದೇ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಲೆಕ್ಕಕ್ಕೆ ಸೇರಬಹುದು. ಮಂಗಳೂರು, ಉಡುಪಿ ಕಡೆಯವರಲ್ಲಿ ದುಬೈ, ಕುವೈತ್‌ನಲ್ಲಿ ಹುಟ್ಟಿದವರು ಇದ್ದಾರಲ್ವಾ? ಮನೆಯಾಕೆಯ ಜನನ ಪತ್ರ ಒಮ್ಮೆ ತೆಗೆದು ನೋಡಿ.

ಪ್ರಶ್ನೆ: ಮಗು ಅಮೆರಿಕದಲ್ಲೇ ಹುಟ್ಟಿದೆ. ಅದರಿಂದ ಅನುಕೂಲ ಇದೆಯೇ?

ಉತ್ತರ: ಮಗುವಿಗೆ 21 ತುಂಬುವವರೆಗೆ ಇಲ್ಲ.

ಪ್ರಶ್ನೆ: ಸ್ವಂತ ಕಂಪನಿ ತೆರೆದು ಇ-2 (ಹೂಡಿಕೆದಾರರ) ವೀಸಾ ತೆಗೆದುಕೊಳ್ಳಬಹುದೇ?

ಉತ್ತರ: ಭಾರತದ ಪೌರರಿಗೆ ಇ-2 ಇಲ್ಲ, ಅದಕ್ಕೆ ಬೇಕಾದ ಒಪ್ಪಂದವೇ ಎರಡು ದೇಶಗಳ ನಡುವೆ ಆಗಿಲ್ಲ. ಹೂಡಿಕೆಯ ಮೇಲೆ ಗ್ರೀನ್ ಕಾರ್ಡ್ ಕೊಡುವ ಇಬಿ-5 ಇದೆ. 2022ರ ತಿದ್ದುಪಡಿಯಂತೆ ಕಡಿಮೆ ಎಂದರೆ 8 ಲಕ್ಷ ಡಾಲರ್ ಹಾಕಿ 10 ಉದ್ಯೋಗ ಸೃಷ್ಟಿಸಬೇಕು. ಜಯನಗರದ ಸೈಟ್ ಮಾರಿ ಇದಕ್ಕೆ ಇಳಿಯುತ್ತೇನೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಪ್ರಶ್ನೆ: ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು 15 ಲಕ್ಷ ಕೊಟ್ಟರೆ ಪರ್ಮ್ ಮಾಡಿಸಿಕೊಡುತ್ತಾರಂತೆ. ಕೊಡಲೇ?

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಪರ್ಮ್ ಜಾಹೀರಾತಿನ ಖರ್ಚು, ಕಂಪನಿ ಲಾಯರ್ ಫೀಸು ಎಲ್ಲವನ್ನೂ ಕಂಪನಿಯೇ ಭರಿಸಬೇಕು. ಇದು ಅಮೆರಿಕದ ಕಾನೂನು. ನಿಮ್ಮಿಂದ ವಸೂಲಿ ಮಾಡಿದ್ದು ತನಿಖೆಯಲ್ಲಿ ಹೊರಬಿದ್ದರೆ ಲೇಬರ್ ಸರ್ಟಿಫಿಕೇಷನ್ ರದ್ದಾಗಬಹುದು. ಅದರ ಹಿಂದೆಯೇ ನಿಮ್ಮ ತಾರೀಖೂ ಹೋಗುತ್ತದೆ.