ಕೋಟೆ, ಕಾಣೆಯಾದ ಹುಡುಗಿಯರು, ಇನ್ನೊಂದು ದುರ್ಗ: ಬಾಗಿಲು ಎಲ್ಲಿಡಲಿ?

ನಿಮ್ಮ ಕಾದಂಬರಿಯಲ್ಲಿ, ಮದಕರಿ ನಾಯಕರ ಕಾಲದ ಚಿತ್ರದುರ್ಗದಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗ್ತಾರೆ, ಕೋಟೆ ಬೀಳದೇ ಉಳಿದ ಇನ್ನೊಂದು ದುರ್ಗಕ್ಕೆ ಹೋಗಿರ್ತಾರೆ. ಆ ಲೋಕದ ಬಾಗಿಲು ಒನಕೆ ಓಬವ್ವನ ಕಿಂಡಿಯಲ್ಲಿ ಇಡಲಾ ಅಂತ ಕೇಳಿದ್ದೀರಿ.

ಬೇಡ ರೀ. ನಾನು ದುರ್ಗದವನೇ, ಮನೆಗೆ ಯಾರು ನೆಂಟರು ಬಂದರೂ ಕೋಟೆ ತೋರಿಸೋ ಕೆಲಸ ನನ್ನ ತಲೆಗೇ. ಎಲ್ಲರೂ ಆ ಕಿಂಡಿಯಲ್ಲಿ ಬಗ್ಗಿ ಫೋಟೊ ತೆಗೆಸಿಕೊಳ್ತಾರೆ. ನಿಮ್ಮ ಓದುಗರು ಎರಡನೇ ಪುಟಕ್ಕೇ ಊಹಿಸಿಬಿಡ್ತಾರೆ. ಆದರೆ ಓಬವ್ವನ ಕಥೆಯಲ್ಲಿ ಒನಕೆಗಿಂತ ಮುಂಚೆ ಕೊಡ ಬರುತ್ತೆ, ಗಮನಿಸಿದ್ದೀರಾ? ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಹೊರಟಿದ್ದಳು. ಹುಡುಗಿ ದಿನಾ ಮನೆಬಿಟ್ಟು ಹೋದರೂ ಯಾರೂ ಎಲ್ಲಿಗೆ ಅಂತ ಕೇಳದ ದಾರಿ ಅಂದ್ರೆ ನೀರಿನ ದಾರಿ.

ಬಾಗಿಲನ್ನು ಹೊಂಡದಲ್ಲಿಡಿ. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ಆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುತ್ತೆ. ನಿಮ್ಮ ಲೋಕದ ಕಟ್ಟಳೆಯೂ ಅದೇ ಆಗಲಿ: ನೀರು ಮೇಲಕ್ಕೆ ಹತ್ತಲ್ಲ. ಹೋದವಳು ಬರೋದಿಲ್ಲ, ಅವಳು ಆಚೆ ದುರ್ಗದಲ್ಲಿ ಕೈಬಿಟ್ಟದ್ದು ಮಾತ್ರ ಈಚೆ ತೇಲಿ ಬರುತ್ತೆ. ಸಂತೆ ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ತಾಯಿಗೆ ಮಗಳು ಕೊಡದಡಿ ತಲೆ ಮೇಲಿಡ್ತಿದ್ದ ಸಿಂಬಿ ಸಿಗುತ್ತೆ. ಬಿಚ್ಚಿ ನೋಡಿದರೆ ಅದರಲ್ಲಿ ಸುತ್ತಿರೋ ಚಿಂದಿ ತಾನೀಗ ಉಟ್ಟಿರೋ ಸೀರೆಯದೇ. ಈ ಸೀರೆ ಇನ್ನೂ ಹರಿದಿಲ್ಲ.

ಇನ್ನು ಇಸವಿ. ಹೈದರಾಲಿ ದುರ್ಗ ಗೆದ್ದದ್ದು 1779ರಲ್ಲಿ. ಆಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಹುಡುಗರನ್ನು ಚೇಲಾ ಪಡೆ (ಸೆರೆಸಿಕ್ಕ ಹುಡುಗರ ಸೈನ್ಯ) ಮಾಡಿದ ಅಂತ ಗೆಜೆಟಿಯರಿನಲ್ಲಿದೆ. ಹುಡುಗಿಯರು ಏನಾದರು ಅನ್ನೋ ಮಾತು ಆ ಸಾಲಿನಲ್ಲಿಲ್ಲ. ನಿಮ್ಮ ಕಾದಂಬರಿ ಇರೋದು ಇಲ್ಲೇ ಅನ್ಸುತ್ತೆ ನನಗೆ. ಹುಡುಗಿಯರು ಕಾಣೆಯಾಗೋದನ್ನು ಮುತ್ತಿಗೆಗೆ ಒಂದೆರಡು ವರ್ಷ ಮುಂಚೆ ಶುರು ಮಾಡಿ. ಹುಡುಕೋನು ಒಂದೊಂದೇ ಹೆಸರು ಬರಕೊಳ್ತಾ ಹೋಗಲಿ. ಅಷ್ಟರಲ್ಲಿ ಕೋಟೆ ಬಿದ್ದು ಕೇರಿಗೆ ಕೇರಿಯೇ ಖಾಲಿ. ಹೊಂಡಕ್ಕೆ ಹೋದವಳು ಯಾರು, ಶ್ರೀರಂಗಪಟ್ಟಣಕ್ಕೆ ನಡೆದವಳು ಯಾರು, ಆ ಪಟ್ಟಿ ಹಿಡಕೊಂಡು ಯಾರನ್ನು ಕೇಳ್ತಾನೆ?

ಮದಕರಿಗೆ ಮಾತ್ರ ಹೆಚ್ಚು ಮಾತು ಕೊಡಬೇಡಿ. ತರಾಸು ಅವರ ‘ದುರ್ಗಾಸ್ತಮಾನ’ ಓದಿದವರ ಕಿವಿಯಲ್ಲಿ ಅವನ ದನಿ ಆಗಲೇ ಕೂತುಬಿಟ್ಟಿದೆ, ನಿಮ್ಮದು ಒಪ್ಪಲ್ಲ.

ಜಾಗ ನೋಡೋಕೆ ಬರೋದಾದ್ರೆ ಮಳೆ ಮುಗಿದ ಮೇಲೆ, ಹೊಂಡದಲ್ಲಿ ನೀರಿದ್ದಾಗ ಬನ್ನಿ. ಕಿಂಡಿಗೂ ಕರಕೊಂಡು ಹೋಗ್ತೀನಿ, ಫೋಟೊಗೆ.