ಪ್ರಾಪರ್ ಅಂದ್ರೆ ನಮ್ಮ ‘ಸಮ’

ತಮ್ಮ, ಇಂಗ್ಲೆಂಡಿನ ಲೀಡ್ಸಿಗೆ ಬಂದು ಮೂರು ವಾರ ಆಯ್ತು, ಇಲ್ಲಿ ಬದುಕು ಹೇಗೆ ಅಂತ ಕೇಳಿದ್ದೀ. ಚಳಿ, ಬಾಡಿಗೆ ಎಲ್ಲ ಒಂದು ತಿಂಗಳಲ್ಲಿ ತಾನಾಗಿ ಗೊತ್ತಾಗ್ತದೆ. ಕುಚ್ಚಲಕ್ಕಿ ಮಲಯಾಳಿ ಅಂಗಡಿಯಲ್ಲಿ ಕೇಳು. ನನಗೆ ಹಿಡಿಸಿದ್ದು ನಿನ್ನ ಕೊನೆಯ ಪ್ರಶ್ನೆ: “ಪ್ರಾಪರ್ ಅಂದ್ರೆ ಸರಿಯಾದದ್ದು ಅಂತ ಶಾಲೆಯಲ್ಲಿ ಕಲಿತದ್ದು. ಮತ್ತೆ ಸೂಪರ್‌ವೈಸರ್ ನನ್ನ ಕೆಲಸ ನೋಡಿ ‘ಪ್ರಾಪರ್ ಮೆಸ್’ ಅಂದದ್ದು ಹೊಗಳಿದ್ದಾ, ಬೈದದ್ದಾ?”

ಬೈದದ್ದೇ ಮಾರಾಯ, ಮೆಸ್ ಅಂದ್ರೆ ಇಲ್ಲಿ ಅಧ್ವಾನ.

ನನ್ನ ಕತೆ ಕೇಳು. ಬಂದ ಹೊಸತರಲ್ಲಿ ಜ್ವರ ಹಿಡಿದೇ ಗೋದಾಮಿನ ಕೆಲಸಕ್ಕೆ ಹೋಗಿದ್ದೆ. ಜೊತೆಯವನೊಬ್ಬ ಮುಖ ನೋಡಿ “ಯು ಲುಕ್ ಪ್ರಾಪರ್ ಪುವರ್ಲಿ” ಅಂದ. ಪುವರ್ ಅಂದ್ರೆ ಬಡವ ಅಂತಷ್ಟೇ ಗೊತ್ತಿದ್ದ ನನಗೆ, ಇವ ಹಳೇ ಜಾಕೆಟ್ ನೋಡಿ ಹಂಗಿಸಿದ ಅಂತ ಕಂಡಿತು. ಆ ಸಂಜೆಯೇ, ಜ್ವರದಲ್ಲೇ, ನಲವತ್ತು ಪೌಂಡ್ ಕೊಟ್ಟು ಹೊಸ ಜಾಕೆಟ್ ತಂದೆ. ಇಂಗ್ಲೆಂಡಿನ ಈ ಉತ್ತರದ ಕಡೆ ಪುವರ್ಲಿ ಅಂದ್ರೆ ಮೈ ಹುಷಾರಿಲ್ಲ ಅಂತ. ಪ್ರಾಪರ್ ಅಂದ್ರೆ ಜೋರು, ಪೂರಾ.

ಕಾಸರಗೋಡಿನವರಿಗೆ ಇದು ಕಷ್ಟ ಆಗಬಾರದಿತ್ತು. “ನಿನ್ನೆ ಸಮಾ ಮಳೆ”, “ಅಪ್ಪ ಸಮಾ ಬೈದರು” ಅಂತ ಜೋರು ಅನ್ನುವುದಕ್ಕೆ ಹೇಳುವ ಬಾಯಲ್ಲೇ, ಸರಿ ಅನ್ನುವುದಕ್ಕೆ “ಅವನ ನಡತೆ ಸಮ ಇಲ್ಲ” ಅಂತಲೂ ಹೇಳ್ತೇವೆ. ಆಚೆಮನೆಯ ಮಲಯಾಳಿ “ನಲ್ಲ ಮಳ” ಅಂದ್ರೆ ಒಳ್ಳೆಯದಾದ ಮಳೆ ಅಂತಲ್ಲ, ತೋಡು ತುಂಬಿ ಹರಿಯುವ ಮಳೆ. ಕನ್ನಡ ಮೀಡಿಯಂನ ಗಣಿತದಲ್ಲಂತೂ ಪ್ರಾಪರ್ ಫ್ರಾಕ್ಷನ್ನಿಗೆ ‘ಸಮ ಭಿನ್ನರಾಶಿ’ ಅಂತಲೇ ಇತ್ತು, ನೆನಪಿದೆಯಾ?

ಬೇರು ಮಾತ್ರ ಬೇರೆ. ಲ್ಯಾಟಿನ್ನಿನ ‘ಪ್ರೊಪ್ರಿಯುಸ್’ ಅಂದ್ರೆ ತನ್ನದೇ ಆದದ್ದು. ಅದು ಹಳೇ ಫ್ರೆಂಚ್ ದಾಟಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಪ್ರಾಪರ್ಟಿ ಅದರ ಒಡಹುಟ್ಟು. ಪ್ರಾಪರ್ ನೌನ್ ಅಂದ್ರೆ ಸರಿಯಾದ ನಾಮ ಅಲ್ಲ, ಒಬ್ಬನಿಗೇ ಸ್ವಂತವಾದ ಹೆಸರು, ನಮ್ಮ ಅಂಕಿತನಾಮ. ಫ್ರೆಂಚರಲ್ಲಿ ಇದೇ ಶಬ್ದ ಕೋಣೆ ಅನ್ನುವ ಪದದ ಮೊದಲು ಬಂದ್ರೆ ಸ್ವಂತ ಕೋಣೆ, ನಂತರ ಬಂದ್ರೆ ಚೊಕ್ಕ ಕೋಣೆ! ಇಂಗ್ಲಿಷಿನಲ್ಲಿ ತನ್ನದು ಅನ್ನುವುದು ತನಗೆ ತಕ್ಕದ್ದಾಯ್ತು, ತಕ್ಕದ್ದು ಸರಿಯಾದದ್ದಾಯ್ತು, ಸಭ್ಯವೂ ಆಯ್ತು. ನಡುವೆ ಚೆಲುವು ಕೂಡ: 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಕೂಸು ಮೋಶೆಯನ್ನು ‘ಪ್ರಾಪರ್ ಚೈಲ್ಡ್’ ಅಂದಿದೆ, ಅಂದ್ರೆ ಚಂದದ ಮಗು. ಇನ್ನೊಂದು ಕವಲು ಅಪ್ಪಟ, ಪೂರಾ ಅಂತ ಹೋಗಿ ನಿನ್ನ ಸೂಪರ್‌ವೈಸರನ ಬಾಯಿಗೆ ಬಂದು ಮುಟ್ಟಿತು.

ನಾಳೆ ಯಾರಾದರೂ “ಪ್ರಾಪರ್ ಬ್ರೂ” ಕೊಡ್ತೇನೆ ಅಂದ್ರೆ ನಮ್ಮ ಬ್ರೂ ಕಾಫಿ ಅಂತ ಆಸೆಪಡಬೇಡ. ಅದು ಚಹಾ, ಕಡಕ್ ಚಹಾ.

ಮತ್ತೆ, ಬಸ್ಸಿನಲ್ಲಿ ಸಿಕ್ಕಿದವರು “ನಿಮ್ಮ ಪ್ರಾಪರ್ ಎಲ್ಲಿ?” ಅಂತ ಕೇಳುವುದುಂಟಲ್ಲ ಊರಲ್ಲಿ, ಅದು ತಪ್ಪು ಇಂಗ್ಲಿಷ್ ಅಂತ ನಾನು ಬಹಳ ಕಾಲ ನಗಾಡ್ತಿದ್ದೆ. ಈಗ ನೋಡಿದ್ರೆ ಲ್ಯಾಟಿನ್ನಿನ ಹಳೇ ಅರ್ಥ ಇರುವುದೇ ಅವರ ಬಾಯಲ್ಲಿ. ನನ್ನದು ಪೆರ್ಲ. ನೀನು ಬದಿಯಡ್ಕ ಅಂತ ಬರೆದಿದ್ದೀ. ಬದಿಯಡ್ಕ ಪ್ರಾಪರಾ, ಅಲ್ಲ ನೀರ್ಚಾಲು ಕಡೆಯಾ?